ನಾಲ್ಕು ಮನೆಗಳ ಒಂದು ಗ್ರಂಥ

ಎರವಲು ಹೋದ ಪುಸ್ತಕ ಹಿಂದಿರುಗುವುದಿಲ್ಲವೆಂದು ನಮ್ಮ ಹಿರಿಯರು ಹೇಳುವುದುಂಟು. ಆ ಮಾತಿಗೆ ಲೋಕವಿಖ್ಯಾತವಾದ ನಿದರ್ಶನವೊಂದಿದೆ. ಹಾಗೆ ಹೋದ ಗ್ರಂಥವನ್ನು ಇದ್ದೆಡೆಯಿಂದ ಕದಲಿಸದೆಯೇ ಒಂದುಗೂಡಿಸಿದ ಕಥೆಯೂ ಅದರೊಡನೆಯೇ ಇದೆ.

ಈಜಿಪ್ಟಿನ ಸೀನಾಯ್ ಪರ್ವತದ ಬುಡದಲ್ಲಿ ಸಂತ ಕ್ಯಾಥರೀನಳ ಹೆಸರಿನ ಪುರಾತನ ಕ್ರೈಸ್ತ ಮಠವಿದೆ. 4ನೆಯ ಶತಮಾನದಲ್ಲಿ ಚರ್ಮಪತ್ರದ ಮೇಲೆ ಗ್ರೀಕ್ ಭಾಷೆಯಲ್ಲಿ ಬರೆದ ಬೈಬಲಿನ ಪ್ರತಿಯೊಂದು ಅಲ್ಲಿತ್ತು. 'ಕೋಡೆಕ್ಸ್ ಸೈನೈಟಿಕಸ್' ಎಂಬುದು ಅದರ ಹೆಸರು. ಹೊಸ ಒಡಂಬಡಿಕೆಯ ಸಂಪೂರ್ಣ ಪ್ರತಿಗಳಲ್ಲಿ ಇದಕ್ಕಿಂತ ಹಳೆಯದು ಉಳಿದುಬಂದಿಲ್ಲ.

1844ರಲ್ಲಿ ಜರ್ಮನಿಯ ವಿದ್ವಾಂಸ ಟಿಷೆಂಡಾರ್ಫನು ಇದರ 43 ಹಾಳೆಗಳನ್ನು ಲೈಪ್‌ಜಿಗ್ ನಗರಕ್ಕೆ ಒಯ್ದನು. 1859ರಲ್ಲಿ ರಷ್ಯದ ಚಕ್ರವರ್ತಿಯ ಆಶ್ರಯದಲ್ಲಿ ಮತ್ತೆ ಬಂದು, ಹಿಂದಿರುಗಿಸುವುದಾಗಿ ಚೀಟಿ ಬರೆದುಕೊಟ್ಟು, ಉಳಿದ ಬಹುಭಾಗವನ್ನು ಪಡೆದನು. ಅದು ಮರಳಲಿಲ್ಲ. 1869ರಲ್ಲಿ ಮಠದವರು ದಾನಪತ್ರಕ್ಕೆ ರುಜು ಹಾಕಿದರಾದರೂ ಆ ದಾನ ಎಷ್ಟು ಮನಃಪೂರ್ವಕವಾದುದೆಂಬ ವಿವಾದ ಇಂದಿಗೂ ಆರಿಲ್ಲ. 1933ರಲ್ಲಿ ಸೋವಿಯತ್ ಸರ್ಕಾರವು 347 ಹಾಳೆಗಳನ್ನು 1 ಲಕ್ಷ ಪೌಂಡುಗಳಿಗೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಮಾರಿತು. ಕೆಲವು ಚೂರುಗಳು ರಷ್ಯದಲ್ಲಿಯೇ ಉಳಿದವು. 1975ರಲ್ಲಿ ಮಠದ ಮುಚ್ಚಿಹೋಗಿದ್ದ ಕೋಣೆಯೊಂದರಲ್ಲಿ ಮತ್ತಷ್ಟು ಹಾಳೆಗಳು ದೊರೆತವು.

ಹೀಗೆ ನಾಲ್ಕು ಪಾಲಾದ ಗ್ರಂಥಕ್ಕಾಗಿ 2005ರಲ್ಲಿ ಸೀನಾಯ್ ಮಠ, ಬ್ರಿಟಿಷ್ ಲೈಬ್ರರಿ, ಲೈಪ್‌ಜಿಗ್ ವಿಶ್ವವಿದ್ಯಾನಿಲಯದ ಗ್ರಂಥಾಲಯ ಮತ್ತು ರಷ್ಯದ ರಾಷ್ಟ್ರೀಯ ಗ್ರಂಥಾಲಯ ಒಪ್ಪಂದ ಮಾಡಿಕೊಂಡವು. ಪ್ರತಿ ಹಾಳೆಯ ಹರಕು, ಸುಕ್ಕು, ಮಸಿ ಮಾಸಿದ ಎಡೆಗಳನ್ನು ಒಂದೇ ಕ್ರಮದಲ್ಲಿ ದಾಖಲಿಸಿದರು. ಛಾಯಾಚಿತ್ರಕ್ಕೂ ಒಂದೇ ನಿಯಮ. ಬೆಳಕು ಹಿನ್ನೆಲೆಗಳು ಬೇರೆಯಾದರೆ ಲಂಡನ್ನಿನ ಹಾಳೆಯ ಪಕ್ಕದಲ್ಲಿ ಲೈಪ್‌ಜಿಗ್ಗಿನದು ಬೇರೊಂದು ಪುಸ್ತಕದ್ದೆಂದು ತೋರೀತು. ಚರ್ಮದ ಉಬ್ಬುತಗ್ಗುಗಳು ಕಾಣಲೆಂದು ಓರೆಬೆಳಕಿನಲ್ಲಿ ಬೇರೆಯಾಗಿ ಚಿತ್ರ ತೆಗೆದರು. ಪೂರ್ವಿಕ ಲಿಪಿಕಾರರ ತಿದ್ದುಪಡಿಗಳೊಡನೆ ಪಾಠವನ್ನೂ ಬರೆದಿಟ್ಟರು. 2009ರ ಜುಲೈಯಲ್ಲಿ ಇದೆಲ್ಲವೂ ಅಂತರಜಾಲದಲ್ಲಿ ಸರ್ವರಿಗೂ ಲಭ್ಯವಾಯಿತು.

ಇದಕ್ಕಿಂತ ಕಷ್ಟವಾದ ಕೆಲಸ ಇನ್ನೊಂದಿತ್ತು. ಹಾಳೆಗಳು ಕೈಬದಲಾದ ಚರಿತ್ರೆಯನ್ನು ನಾಲ್ವರೂ ಒಪ್ಪುವ ಮಾತುಗಳಲ್ಲಿ ಬರೆಯಬೇಕಾಗಿತ್ತು, ಅದನ್ನೂ ಬರೆದರು. ಒಡೆತನದ ಪ್ರಶ್ನೆ ಅದರಿಂದ ತೀರಲಿಲ್ಲ. ಯಾರ ಹಾಳೆಯೂ ಯಾರಿಗೂ ಮರಳಲಿಲ್ಲ. ಆದರೆ ಓದುಗನು ಅದು ತೀರುವವರೆಗೆ ಕಾಯಬೇಕಾಗಿಲ್ಲ.

ಓಲೆಗರಿಯ ಪ್ರತಿಗಳಿಗಾಗಿ ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ಅಲೆದು ಪಾಠಾಂತರಗಳನ್ನು ಕೂಡಿಸಿದ ಗ್ರಂಥಸಂಪಾದಕರ ನಾಡು ನಮ್ಮದು. ಕಟ್ಟನ್ನು ಕೈಬಿಟ್ಟು ಕೊಡಲು ಒಲ್ಲದ ಮನೆತನಗಳ ಅಳುಕು ನಮಗೆ ತಿಳಿಯದುದಲ್ಲ. ಕಟ್ಟು ಅವರಲ್ಲಿಯೇ ಇರಲಿ. ಗರಿಗಳು ಹುಳುವಿನ ಪಾಲಾಗುವ ಮುನ್ನ ಚಿತ್ರಗಳು ಎಲ್ಲರಲ್ಲಿಯೂ ಇರಲಿ.