ಕರ್ನಾಟಕ ಮತ್ತು ಪಶ್ಚಿಮ ಏಷ್ಯದ ನಡುವಣ ರಾಯಭಾರಗಳು

ಕರ್ನಾಟಕದ ಅರಸರಿಗೂ ಪಾರಸಿಕ, ತುರ್ಕಿ ದೊರೆಗಳಿಗೂ ನಡುವೆ ದೂತರು ಓಡಾಡಿದ ಚರಿತ್ರೆ ಏಳನೆಯ ಶತಮಾನದಷ್ಟು ಹಳೆಯದು. ಪರ್ಷಿಯಾದ ಇಮ್ಮಡಿ ಖುಸ್ರೋವಿನ ಬಳಿಗೆ ಭಾರತದ ರಾಜನೊಬ್ಬ ದೂತರನ್ನು ಕಳಿಸಿದನೆಂದು ಚರಿತ್ರಕಾರ ಅಲ್-ತಬರಿ ಬರೆದಿದ್ದಾನೆ. ಆ ರಾಜ ಬಾದಾಮಿಯ ಇಮ್ಮಡಿ ಪುಲಕೇಶಿಯೆಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ.

ವಿವರಗಳು ಧಾರಾಳವಾಗಿ ಸಿಗುವುದು ವಿಜಯನಗರದ ಕಾಲದಿಂದ. ಹೆರಾತಿನ ದೊರೆ ಶಾರುಖ್ ಕಳಿಸಿದ ರಾಯಭಾರಿ ಅಬ್ದುರ್ ರಜಾಕ್ 1442ರಲ್ಲಿ ಹೊರಟು, ಹೋರ್ಮುಜ್ ಮಾರ್ಗವಾಗಿ ಕಲ್ಲಿಕೋಟೆಗೆ ಬಂದ. ಅಲ್ಲಿದ್ದಾಗಲೇ ವಿಜಯನಗರದ ಇಮ್ಮಡಿ ದೇವರಾಯನಿಂದ ಕರೆ ಬಂತು. ಮಂಗಳೂರಿನ ಮೇಲೆ ಹಾದು 1443ರಲ್ಲಿ ರಾಜಧಾನಿ ಸೇರಿದ ಆತ ಐದು ಕುದುರೆಗಳನ್ನೂ ರೇಷ್ಮೆ ಬಟ್ಟೆಗಳನ್ನೂ ಕಾಣಿಕೆ ಒಪ್ಪಿಸಿದ. ಅವನಿಗೆ ದಿನಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಮೇಲೆ ಎರಡು ವರಹ ಸಲ್ಲುತ್ತಿತ್ತು. ವಾರಕ್ಕೆ ಎರಡು ಸಂಜೆ ಅರಮನೆಗೆ ಕರೆ. ಹೊರಡುವಾಗ ವೀಳ್ಯ, ಕರ್ಪೂರ, ಹಣದ ಚೀಲ. ನಾವೂ ನೀವೂ ಒಂದೇ ಪಂಕ್ತಿಯಲ್ಲಿ ಉಣ್ಣುವಂತಿಲ್ಲವಾದ್ದರಿಂದ ಈ ಚೀಲವೇ ಔತಣವೆಂದು ರಾಯ ಹೇಳಿದನಂತೆ. ಆಚಾರವನ್ನೂ ಬಿಡದೆ ಅತಿಥಿಯ ಮನಸ್ಸನ್ನೂ ನೋಯಿಸದೆ ಕಂಡುಕೊಂಡ ಈ ದಾರಿ ದೇವರಾಯನ ರಾಜನೀತಿಯ ಹಿರಿಮೆಯೇ ಸರಿ.

ಆದರೂ ದೂತನ ಮಾನ ವರ್ತಕರ ಕೈಯಲ್ಲಿತ್ತು. ವಿಜಯನಗರದ ಸೇನೆಗೆ ಬೇಕಾದ ಕುದುರೆಗಳು ಹೋರ್ಮುಜಿನ ಕಡೆಯಿಂದ ಬರುತ್ತಿದ್ದವು. ಅಲ್ಲಿನವರ ಮಾತಿಗೆ ಬೆಲೆಯಿತ್ತು. ಇವನು ಶಾರುಖ್‌ನ ರಾಯಭಾರಿಯೇ ಅಲ್ಲವೆಂದು ಅವರು ಸುದ್ದಿ ಹಬ್ಬಿಸಿದರು. ದಂಡನಾಯಕ ಯುದ್ಧಕ್ಕೆ ಹೋಗಿದ್ದ ಹೊತ್ತಿನಲ್ಲಿ ಅವನ ಸ್ಥಾನದಲ್ಲಿದ್ದ ಅಧಿಕಾರಿ ದಿನದ ಪಡಿಯನ್ನೇ ನಿಲ್ಲಿಸಿಬಿಟ್ಟ. ದಂಡನಾಯಕ ಹಿಂದಿರುಗಿದ ಮೇಲಷ್ಟೇ ಮರ್ಯಾದೆ ಮರಳಿತು. 1444ರಲ್ಲಿ ಅಬ್ದುರ್ ರಜಾಕ್ ಊರಿಗೆ ಹಡಗೇರಿದಾಗ ದೇವರಾಯನ ದೂತರೂ ಜೊತೆಗಿದ್ದರು. ಈ ಸಂಗತಿಗಳನ್ನೆಲ್ಲ ಅವನೇ ‘ಮತ್ಲಾ-ಉಸ್-ಸಾದೈನ್’ ಎಂಬ ಪಾರಸಿ ಗ್ರಂಥದಲ್ಲಿ ಬರೆದಿಟ್ಟ.

ಮೂರು ಶತಮಾನಕ್ಕೂ ಹೆಚ್ಚು ಕಾಲದ ನಂತರ ಮೈಸೂರಿನ ಟಿಪ್ಪು ಸುಲ್ತಾನ ತನ್ನ ಕಡೆಯಿಂದಲೇ ತುರ್ಕಿಗೆ ದೊಡ್ಡ ನಿಯೋಗವೊಂದನ್ನು ಕಳಿಸಿದ. 1786ರಲ್ಲಿ ಗುಲಾಂ ಅಲಿ ಖಾನನ ನೇತೃತ್ವದಲ್ಲಿ ತದಡಿ ಬಂದರಿನಿಂದ ಹೊರಟವರು ಮಸ್ಕತ್, ಬಸ್ರಾ ದಾಟಿ ಮರುವರ್ಷ ಇಸ್ತಾಂಬುಲ್ ತಲುಪಿದರು. ಬ್ರಿಟಿಷರ ವಿರುದ್ಧ ಸೇನಾ ನೆರವು ಬೇಕಿತ್ತು. ಬಸ್ರಾ ಬಂದರನ್ನು ಬಿಟ್ಟುಕೊಟ್ಟರೆ ಮಂಗಳೂರನ್ನು ಕೊಡುವ ಪ್ರಸ್ತಾಪವೂ ಇತ್ತು. ರಷ್ಯದೊಡನೆ ಯುದ್ಧಕ್ಕಿಳಿದಿದ್ದ ತುರ್ಕಿಗೆ ಬ್ರಿಟಿಷರ ವೈರ ಬೇಡವಾಗಿತ್ತು. ಸೇನಾ ನೆರವು ದೊರೆಯಲಿಲ್ಲ. ಹಡಗು ಅವಘಡ, ರೋಗಗಳಿಗೆ ಸಿಕ್ಕಿದ ಆ ನಿಯೋಗದ ನೂರಾರು ಜನರಲ್ಲಿ ಮೈಸೂರಿಗೆ ಮರಳಿದವರು ಕೆಲವರು ಮಾತ್ರ.