ಮೈಕಿನ ಮುಂದೆ ಭಾಗವತರ ಕಂಠ



ಮೈಕ್ ಇಲ್ಲದ ಒಂದು ದಿನವನ್ನು ಮಂಗಳೂರಿನ ಮನುಷ್ಯ ಇಂದು ಕಲ್ಪಿಸಿಕೊಳ್ಳಲಾರ. ದೇವಸ್ಥಾನ, ಇಗರ್ಜಿ, ಮಸೀದಿಗಳಲ್ಲಿ ಅದು ಇದೆ, ಮದುವೆಯ ಹಾಲಿನಲ್ಲಿದೆ, ಜಾತ್ರೆಯ ಸುದ್ದಿ ಸಾರುತ್ತ ಓಣಿ ಸುತ್ತುವ ರಿಕ್ಷಾದಲ್ಲಿದೆ, ಕಿಸೆಯ ಮೊಬೈಲಿನಲ್ಲಂತೂ ಅಕ್ಕಿಕಾಳಿನಷ್ಟು ಚಿಕ್ಕದಾಗಿ ಅಡಗಿ ಕುಳಿತಿದೆ. 1976ರಲ್ಲಿ ಇಲ್ಲಿ ಆಕಾಶವಾಣಿ ಬಾಯಿ ತೆರೆದ ಮೇಲೆ ಮೈಕಿನ ಮುಂದೆ ಮೆಲ್ಲನೆ ಮಾತಾಡುವ ಶಿಸ್ತನ್ನು ಈ ಜಿಲ್ಲೆಯ ಎಷ್ಟೋ ಮಂದಿ ಕಲಿತರು. ಹಿಂದಿನ ಬೆಂಚಿಗೆ ಕೇಳಲೆಂದು ಮೂವತ್ತು ವರ್ಷ ಕೂಗಿದ ನನ್ನಂಥ ಮೇಷ್ಟರಿಗೆ ಅದು ಇನ್ನೂ ಪೂರ್ತಿ ಒಗ್ಗಿಲ್ಲ.

1878ರಲ್ಲಿ ಲಂಡನಿನಲ್ಲಿ ಡೇವಿಡ್ ಹ್ಯೂಸ್ ಎಂಬವರು ಇಂಗಾಲದ ತುಂಡುಗಳನ್ನು ಸಡಿಲವಾಗಿ ತಾಗಿಸಿಟ್ಟು, ದನಿಯ ಕಂಪನಕ್ಕೆ ವಿದ್ಯುತ್ತು ಏರಿಳಿಯುವುದನ್ನು ತೋರಿಸಿದರು. ಮುಂದಿನ ಮೈಕುಗಳ ವಂಶಾವಳಿ ಇಲ್ಲಿ ಬೇಡ. ಈ ಪುಟ್ಟ ಯಂತ್ರ ನಮ್ಮ ಯಕ್ಷಗಾನದ ಕಂಠವನ್ನು ಏನು ಮಾಡಿತು ಎಂಬುದೇ ನನಗೆ ಮುಖ್ಯವಾಗಿ ಕಾಣುವ ಸಂಗತಿ.

ಮೈಕ್ ಬರುವ ಮೊದಲು ಆಟವೆಂದರೆ ಕೊಯ್ಲು ಮುಗಿದ ಗದ್ದೆ, ದೊಂದಿಯ ಬೆಳಕು ಅಥವಾ ಗ್ಯಾಸ್‌ಲೈಟು, ಸುತ್ತ ಚಾಪೆ ಹಾಸಿ ಕೂತ ಊರು. ಮುಸ್ಸಂಜೆಗೆ ಚೆಂಡೆಯಲ್ಲಿ ಕೇಳಿ ಬಡಿದರೆ ಆಚೆಯ ಊರಿಗೂ ಆಟದ ವರ್ತಮಾನ ಮುಟ್ಟುತ್ತಿತ್ತು. ಇಂದಿನ ರಿಕ್ಷಾದ ಕೆಲಸವನ್ನು ಅಂದು ಚೆಂಡೆ ಮಾಡುತ್ತಿತ್ತೆನ್ನಬೇಕು. ಮಗ್ಗುಲಲ್ಲೇ ಮೊಳಗುವ ಅದೇ ಚೆಂಡೆಯನ್ನು ಮೀರಿ, ಇರುಳಿಡೀ, ಗದ್ದೆಯ ಕೊನೆಯಲ್ಲಿ ಕೂತವನಿಗೂ ಸಾಹಿತ್ಯ ತಿಳಿಯುವಂತೆ ಹಾಡುವ ಹೊಣೆ ಭಾಗವತರದು. ನಮ್ಮ ಹಳೆಯ ಹಾಡಿಕೆಯ ಏರುಶ್ರುತಿ ಈ ಅಗತ್ಯಕ್ಕೆ ಒಗ್ಗಿ ಬೆಳೆದದ್ದು. ಪದ್ಯದ ಪ್ರತಿಯೊಂದು ಅಕ್ಷರವನ್ನೂ ಬಿಡಿಸಿ ದೂರಕ್ಕೆ ಎಸೆಯುವ ಆ ಕ್ರಮವನ್ನು ಅಜ್ಜನಿಂದ ಮೊಮ್ಮಗನಿಗೆ ಇಳಿಸಿದ ಮನೆತನ ಬಲಿಪರದು. ಕಿರಿಯ ಬಲಿಪ ನಾರಾಯಣ ಭಾಗವತರು ಕಟೀಲು ಮೇಳದಲ್ಲಿ ಹಾಡುವಾಗ ಎದುರಿಗಿದ್ದ ಮೈಕು ಬರಿಯ ಶಿಷ್ಟಾಚಾರಕ್ಕೆ ಇಟ್ಟಂತೆ ಕಾಣುತ್ತಿತ್ತು.

1950ರ ದಶಕದಲ್ಲಿ ಡೇರೆ ಮೇಳಗಳು ಟಿಕೇಟು ಇಟ್ಟು ಆಡತೊಡಗಿದವು. ನೆಹರೂ ಮೈದಾನದಲ್ಲಿ ಡೇರೆ ಎದ್ದಾಗ, ದುಡ್ಡು ಕೊಟ್ಟು ಹಿಂದೆ ಕೂತವನಿಗೂ ಸರಿಯಾಗಿ ಕೇಳಬೇಕಲ್ಲ! ವಿದ್ಯುದ್ದೀಪದಂತೆ ಮೈಕೂ ರಂಗಸ್ಥಳದ ಸಾಮಗ್ರಿಯಾಯಿತು. ಇದರಿಂದ ಆದದ್ದೆಲ್ಲ ಹಾನಿ ಎಂದು ನಾನು ಹೇಳಲಾರೆ. ಕರ್ನಾಟಕ ಮೇಳದ ದಾಮೋದರ ಮಂಡೆಚ್ಚರು ರಾಗವನ್ನು ನಿಧಾನವಾಗಿ ಅರಳಿಸಿ ನಗರದ ಕಿವಿಯನ್ನು ಒಲಿಸಿಕೊಂಡರು. ಕೂಗಬೇಕಾಗಿದ್ದ ಕಂಠಕ್ಕೆ ಆ ವಿರಾಮ ಎಲ್ಲಿತ್ತು? ತಾಳಮದ್ದಳೆಗಾದ ಲಾಭ ಇನ್ನೂ ದೊಡ್ಡದು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ ದನಿ ತಗ್ಗಿಸಿ ರಾಮನನ್ನು ಕೆಣಕುತ್ತಿದ್ದ ಆ ಕೊಂಕು, ಎರಡು ಮಾತುಗಳ ನಡುವಿನ ಆ ಮೌನ, ಪುರಭವನದ ಕೊನೆಯ ಕುರ್ಚಿಯವರೆಗೆ ತಲುಪಿದ್ದು ಮೈಕಿನ ಕೃಪೆಯಿಂದ. ಅರ್ಥಗಾರಿಕೆ ಕಾವ್ಯವಿಮರ್ಶೆಯ ಮಟ್ಟಕ್ಕೆ ಏರಿದ್ದರಲ್ಲಿ ಈ ಯಂತ್ರದ ಪಾಲೂ ಇದೆ.

ಆದರೆ ವೇಷಧಾರಿ ಮೈಕಿನ ಬುಡಕ್ಕೆ ಕಟ್ಟುಬಿದ್ದ. ರಂಗದ ಮೂಲೆಯಿಂದ ಆಡಿದ ಮಾತು ಮಾತೇ ಅಲ್ಲವೆಂಬಂತಾಯಿತು. ಭಾಗವತರಿಗೆ ಇಟ್ಟ ಮೇಲೆ ಮದ್ದಳೆಗೆ, ಮದ್ದಳೆಗೆ ಇಟ್ಟ ಮೇಲೆ ಚೆಂಡೆಗೆ. ಹರದಾರಿ ದೂರ ಕೇಳುವ ಚೆಂಡೆಗೆ ಮೈಕ್ ಏತಕ್ಕೆಂಬುದು ನನಗೆ ಇಂದಿಗೂ ಬಗೆಹರಿಯದ ಒಗಟು. ಕೇಳುವ ಆಸೆಯಿಂದ ಬಂದವನಷ್ಟೇ ಅಲ್ಲ, ಮಲಗಬೇಕೆಂದಿದ್ದವನೂ ಪರೀಕ್ಷೆಗೆ ಓದುವ ಹುಡುಗನೂ ಆಟದ ಪ್ರೇಕ್ಷಕರಾಗಬೇಕಾಯಿತು.

ಶಬ್ದಮಾಲಿನ್ಯದ ನಿಯಮಗಳು 2000ದಲ್ಲಿ ಬಂದು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ತಡೆದವು. 2010ರ ತಿದ್ದುಪಡಿ ಸಂಗೀತವಾದ್ಯಗಳನ್ನೂ ಸೇರಿಸಿತು. ಮೈಕಿನ ಸಹವಾಸದಿಂದ ಚೆಂಡೆಯೂ ಸಿಕ್ಕಿಬಿದ್ದಿತೆಂದೇ ನಾನು ತಿಳಿದಿದ್ದೇನೆ. 2022ರಲ್ಲಿ ಸರಕಾರ ಈ ನಿಯಮವನ್ನು ಬಿಗಿಗೊಳಿಸಿತು. ಆ ವರ್ಷದ ಕೊನೆಗೆ ಕಟೀಲು ಮೇಳಗಳ ಇರುಳಿಡೀ ನಡೆಯುವ ಆಟವನ್ನು ಕಾಲಮಿತಿಗೆ ಇಳಿಸುವ ತೀರ್ಮಾನವಾದಾಗ ಭಕ್ತರು ನೊಂದರು, ಪಾದಯಾತ್ರೆ ನಡೆಸಿದರು. ಆ ದಿನಗಳ ವಾದವಿವಾದದಲ್ಲಿ ಹರಕೆ ಬಂತು, ಪರಂಪರೆ ಬಂತು, ಕಾನೂನು ಬಂತು. ಮೈಕನ್ನು ಕೆಳಗಿಟ್ಟು ಒಂದು ರಾತ್ರಿ ಆಡಿ ನೋಡೋಣ ಎಂಬ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೂ ಹಾಡಲು ಯಾರನ್ನು ಕರೆಯುವುದು? ಬಲಿಪರಿಗೆ ಆಗ ಎಂಬತ್ತು ದಾಟಿತ್ತು. 2023ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.