ಘಟ್ಟದ ಮೇಲಿನ ಊರಿಗೆ ಬ್ಯಾಟರಿ ಕಾರು

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲ್ಲೂಕುಗಳಲ್ಲಿ ಒಂದು ರೈಲು ನಿಲ್ದಾಣವೂ ಇಲ್ಲ. ಸಿದ್ದಾಪುರದವರು ರೈಲು ಹತ್ತಲು ತಾಳಗುಪ್ಪಕ್ಕೆ ಹೋಗಬೇಕು, ಯಲ್ಲಾಪುರದವರು ಹುಬ್ಬಳ್ಳಿಗೆ. ಶಿರಸಿಯವರಿಗೆ ಹಾವೇರಿ, ಇಲ್ಲವೇ ಘಟ್ಟ ಇಳಿದು ಕುಮಟಾ. ಹೀಗಾಗಿ ಇಲ್ಲಿ ಕಾರು ಕೊಳ್ಳುವ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಬೆಂಗಳೂರಿನದು. ಮಕ್ಕಳು ಅಲ್ಲಿ ಕೆಲಸದಲ್ಲಿರುತ್ತಾರೆ, ಹಬ್ಬಕ್ಕೆ ಬರುತ್ತಾರೆ, ಹಿರಿಯರು ಆಸ್ಪತ್ರೆಗೆಂದು ಹೋಗುತ್ತಾರೆ. ಶಿರಸಿಯಿಂದ ಸುಮಾರು 400 ಕಿ.ಮೀ. ವಿದ್ಯುತ್ ಕಾರು ಎಷ್ಟು ಬೆಳೆದಿದೆ ಎಂಬುದನ್ನು ಈ ದಾರಿಯ ಮೇಲೆಯೇ ಅಳೆದು ನೋಡಬಹುದು.

ದೇಶದಲ್ಲಿ ಮೊದಲು ಹೆಸರು ಮಾಡಿದ ವಿದ್ಯುತ್ ಕಾರು ಕರ್ನಾಟಕದ್ದೇ. ಚೇತನ್ ಮೈನಿಯವರ ‘ರೇವಾ’ 2001ರಲ್ಲಿ ಬೆಂಗಳೂರಿನ ರಸ್ತೆಗಿಳಿಯಿತು. ಸೀಸ-ಆಮ್ಲದ ಬ್ಯಾಟರಿ, ಒಂದು ಚಾರ್ಜಿಗೆ 80 ಕಿ.ಮೀ., ಪೂರ್ತಿ ತುಂಬಲು ಎಂಟು ಗಂಟೆ. ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಿದ ಆ ಪುಟ್ಟ ಕಾರು ಶಿರಸಿಯಿಂದ ಹೊರಟಿದ್ದರೆ ಹುಬ್ಬಳ್ಳಿಯನ್ನೂ ಮುಟ್ಟುತ್ತಿರಲಿಲ್ಲ. 2010ರಲ್ಲಿ ಕಂಪನಿ ಮಹೀಂದ್ರಾ ಕೈಸೇರಿತು. 2013ರಲ್ಲಿ ಬಂದ ‘ಇ2ಒ’ಗೆ ಲಿಥಿಯಂ ಬ್ಯಾಟರಿ, ಸುಮಾರು 100 ಕಿ.ಮೀ. ಓಟ. ಹುಬ್ಬಳ್ಳಿ ತಲುಪಬಹುದಿತ್ತು, ಎಸಿ ಹಾಕದಿದ್ದರೆ!

ನಿಜವಾದ ತಿರುವು 2019-20ರದು. ಹ್ಯುಂಡೈ ಕೋನಾ 2019ರ ಜುಲೈಯಲ್ಲಿ ಬಂತು. 2020ರ ಜನವರಿಯಲ್ಲಿ ಎಂಜಿ ಜಡ್‌ಎಸ್ ಮತ್ತು ಟಾಟಾ ನೆಕ್ಸಾನ್ ಬಂದವು. ಸುಮಾರು 14 ಲಕ್ಷ ರೂಪಾಯಿಯಿಂದ ಆರಂಭವಾದ ನೆಕ್ಸಾನ್‌ನ ಬ್ಯಾಟರಿ 30.2 ಯೂನಿಟ್ಟಿನದು. ಕಾಗದದ ಮೇಲೆ 312 ಕಿ.ಮೀ., ರಸ್ತೆಯಲ್ಲಿ ಇನ್ನೂರರ ಆಸುಪಾಸು. ಕಾಗದದ ಲೆಕ್ಕದಲ್ಲಿ ಮೂರನೇ ಒಂದು ಪಾಲು ಕಳೆದು ನೋಡುವುದನ್ನು ಕೊಂಡವರು ಆಗಲೇ ಕಲಿತರು. 2022ರಲ್ಲಿ ಅದೇ ಕಾರಿಗೆ 40.5 ಯೂನಿಟ್, 2024ರಲ್ಲಿ 45. ಅದೇ ವರ್ಷದ ಕೊನೆಗೆ ಮಹೀಂದ್ರಾ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳು 79 ಯೂನಿಟ್ಟಿನ ಬ್ಯಾಟರಿಯೊಂದಿಗೆ ಬಂದವು. ಅದೇ ಕಳೆಯುವ ಲೆಕ್ಕ ಹಾಕಿದರೂ ಶಿರಸಿಯಿಂದ ಹೊರಟವರು ಬೆಂಗಳೂರಿನ ಅಂಚಿಗೆ ಬಂದೇ ಬಿಡುತ್ತಾರೆ. ಬ್ಯಾಟರಿಯ ಜೊತೆಗೆ ದಾರಿಯಲ್ಲಿ ಚಾರ್ಜರ್‌ಗಳೂ ಬೇಕು. ಚಾರ್ಜಿಂಗ್ ಎಂದರೆ ವಿದ್ಯುತ್ ಮಾರಾಟವಲ್ಲ, ಅದಕ್ಕೆ ಲೈಸೆನ್ಸ್ ಬೇಡ ಎಂದು ಕೇಂದ್ರ ಸರ್ಕಾರ 2018ರಲ್ಲಿ ಹೇಳಿತು. ಹೆದ್ದಾರಿಯ ಎರಡೂ ಬದಿ 25 ಕಿ.ಮೀ.ಗೊಂದು ಕೇಂದ್ರವಿರಬೇಕೆಂಬ ಸೂಚನೆಯೂ ಆಗಲೇ ಬಂತು. ವಿದ್ಯುತ್ ವಾಹನಕ್ಕೆಂದೇ 2017ರಲ್ಲಿ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ. 2024ರ ಹೊತ್ತಿಗೆ ಇಲ್ಲಿ 5,000ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದವು, ದೇಶದಲ್ಲೇ ಹೆಚ್ಚು. ಆದರೆ ಅವುಗಳ ಬಹುಪಾಲು ಇರುವುದು ಬೆಂಗಳೂರು ನಗರದಲ್ಲಿ.

ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ಹೋಗುವ ಹೆದ್ದಾರಿ 48ರಲ್ಲಿ ಈಗ ತಲೆಬಿಸಿ ಕಡಿಮೆ. ಹೋಟೆಲುಗಳ ಪಕ್ಕ, ಬಂಕುಗಳಲ್ಲಿ ಡಿಸಿ ಫಾಸ್ಟ್ ಚಾರ್ಜರ್‌ಗಳಿವೆ. ಊಟ ಮುಗಿಸಿ ಕಾಫಿ ಕುಡಿಯುವಷ್ಟರಲ್ಲಿ ಮಧ್ಯಮ ಗಾತ್ರದ ಬ್ಯಾಟರಿ ಮತ್ತೆ ಶೇಕಡಾ ಎಂಬತ್ತಕ್ಕೆ ಬಂದಿರುತ್ತದೆ, ಮುಂದೆ ಸರದಿಯಲ್ಲಿ ಇನ್ನೊಬ್ಬರಿಲ್ಲದಿದ್ದರೆ. ಹೆದ್ದಾರಿಯಲ್ಲಿ ನಿಜವಾಗಿ ಚಾರ್ಜು ತಿನ್ನುವುದು ವೇಗ. ನೂರರ ಮೇಲೆ ಓಡಿಸಿದರೆ ಗಾಳಿಯ ತಡೆಗೇ ಬ್ಯಾಟರಿ ಕರಗುತ್ತದೆ. ತಿರುವುಗಳ ನಡುವೆ ನಿಧಾನ ಸಾಗುವ ಶಿರಸಿ ರಸ್ತೆಯಲ್ಲಿ ಅದೇ ಕಾರು ಒಳ್ಳೆಯ ಮೈಲೇಜು ಕೊಡುತ್ತದೆ.

ಹಾಗಾದರೆ ಘಟ್ಟ? ಜನರ ಭಯವೆಲ್ಲ ಇಲ್ಲೇ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಕರಾವಳಿಯ ಕಡೆಯಿಂದ ಬರುವವರು ಕುಮಟಾದಿಂದ ದೇವಿಮನೆ ಘಟ್ಟ, ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್ ಘಟ್ಟ ಹತ್ತಬೇಕು. ಜನರೂ ಸಾಮಾನೂ ಸೇರಿ 1,650 ಕಿಲೋ ತೂಗುವ ಕಾರು 600 ಮೀಟರ್ ಮೇಲೇರಲು ಬೇಕಾಗುವುದು 2.7 ಯೂನಿಟ್. ಮೋಟರಿನಲ್ಲಿ, ಗೇರಿನಲ್ಲಿ ಸೋರುವುದನ್ನು ಸೇರಿಸಿದರೂ ಹತ್ತಿರ ಹತ್ತಿರ 3. ಸಮತಟ್ಟು ರಸ್ತೆಯ ಇಪ್ಪತ್ತು ಕಿ.ಮೀ. ಓಟಕ್ಕೆ ಸಮ, ಅಷ್ಟೇ. ಇಳಿಯುವಾಗ ಮೋಟರೇ ಡೈನಮೊ ಆಗಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬ್ಯಾಟರಿಗೆ ಮರಳಿಸುತ್ತದೆ. ಬ್ರೇಕ್ ಕಾಯುವ ವಾಸನೆಯೂ ಇಲ್ಲ. ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಮಾತ್ರ ಮರಳಿ ತುಂಬಲು ಜಾಗವಿರುವುದಿಲ್ಲ. ಆದರೆ ಶಿರಸಿಯಿಂದ ಹೊರಟವರಿಗೆ ಘಟ್ಟ ಸಿಗುವಷ್ಟರಲ್ಲಿ ಒಂದಷ್ಟು ಚಾರ್ಜು ಇಳಿದೇ ಇರುತ್ತದೆ. ಕೆಎಸ್‌ಆರ್‌ಟಿಸಿಯ ‘ಇವಿ ಪವರ್ ಪ್ಲಸ್’ ಬಸ್ಸುಗಳು 2023ರಿಂದ ಮಡಿಕೇರಿಯ ಏರನ್ನೂ ಹತ್ತುತ್ತಿವೆ ಎಂದಮೇಲೆ ಕಾರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ತೊಡಕಿರುವುದು ತಲುಪಿದ ಮೇಲೆ. ಹೆದ್ದಾರಿ 48ರಲ್ಲಿರುವಷ್ಟು ಫಾಸ್ಟ್ ಚಾರ್ಜರ್‌ಗಳು ಈ ಮೂರು ತಾಲ್ಲೂಕುಗಳ ಒಳರಸ್ತೆಗಳಲ್ಲಿಲ್ಲ. ಬಂದವರು ನಂಬುವುದು ಮನೆಯ 15 ಆಂಪ್ ಪ್ಲಗ್ಗನ್ನೇ. ರಾತ್ರಿಯಿಡೀ ಹಾಕಿಟ್ಟರೆ 30 ಯೂನಿಟ್ಟಿನ ಬ್ಯಾಟರಿ ಬೆಳಗಿಗೆ ತುಂಬುತ್ತದೆ, ಕರೆಂಟ್ ಇದ್ದರೆ. ತೋಟದ ನಡುವಿನ ಮನೆಗಳು ಟ್ರಾನ್ಸ್‌ಫಾರ್ಮರ್‌ನಿಂದ ದೂರ. ಸಂಜೆ ವೋಲ್ಟೇಜ್ ಡಲ್. ಹಳೆಯ ಮನೆಗಳಲ್ಲಿ ಅರ್ತಿಂಗ್ ಹೆಸರಿಗಷ್ಟೇ. ಕೆಂಪುಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅದೂ ಇಲ್ಲ. ಮಿಕ್ಸಿ, ಫ್ರಿಜ್ಜುಗಳು ಇದನ್ನೆಲ್ಲ ಸಹಿಸುತ್ತವೆ. ಕಾರಿನ ಚಾರ್ಜರ್ ಸಹಿಸುವುದಿಲ್ಲ, ಕೆಂಪು ದೀಪ ತೋರಿಸಿ ಕುಳಿತುಬಿಡುತ್ತದೆ. ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್, ಹೊಸ ಅರ್ತಿಂಗ್ ಗುಂಡಿ, ದಪ್ಪ ವೈರು ಇಷ್ಟಾದರೆ ಬಗೆಹರಿಯುವ ಸಮಸ್ಯೆ ಇದು. ಕಾರಿನ ಬೆಲೆಯ ಮುಂದೆ ಆ ಖರ್ಚು ಏನೂ ಅಲ್ಲ.

ಮಳೆಗಾಲದ ಮಾತು ಬೇರೆ. ಕಾಳಿ ನದಿಯ ಅಣೆಕಟ್ಟುಗಳಿಂದ, ಕೈಗಾದಿಂದ ನಾಡಿಗೆಲ್ಲ ವಿದ್ಯುತ್ ಕಳಿಸುವ ಉತ್ತರ ಕನ್ನಡದ ಹಳ್ಳಿಗಳಲ್ಲೇ ಲೈನಿನ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ರಸ್ತೆಯೂ ಕೈಕೊಡುತ್ತದೆ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆಯೇ ಮಣ್ಣು ಬಂತು. ಒಂದು ಘಟ್ಟ ಮುಚ್ಚಿದರೆ ಇನ್ನೊಂದನ್ನು ಸುತ್ತಿಬರಬೇಕು. ಪೆಟ್ರೋಲ್ ಆದರೆ ಯಾರದೋ ಬೈಕಿನಲ್ಲಿ ಕ್ಯಾನು ತರಿಸಬಹುದು, ಚಾರ್ಜು ಹಾಗೆ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೂರು ಕಿ.ಮೀ.ನಷ್ಟು ಚಾರ್ಜು ಕೈಯಲ್ಲಿಟ್ಟುಕೊಳ್ಳದೆ ಇಲ್ಲಿ ಹೊರಡಬಾರದು.

ಖರ್ಚಿನಲ್ಲಿ ವಾದವಿಲ್ಲ. ಬೆಂಗಳೂರಿಗೆ ಒಮ್ಮೆ ಹೋಗಲು ಪೆಟ್ರೋಲಿಗೆ ಎರಡೂವರೆ ಸಾವಿರ ರೂಪಾಯಿ ದಾಟುತ್ತದೆ. ವಿದ್ಯುತ್ ಕಾರಿಗೆ ಬೇಕಾದ ಸುಮಾರು 60 ಯೂನಿಟ್ಟಿಗೆ ಮನೆಯ ದರದಲ್ಲಿ ನಾನೂರರೊಳಗೆ. ಎಲ್ಲವನ್ನೂ ಹೆದ್ದಾರಿಯಲ್ಲೇ ತುಂಬಿಸಿದರೆ ಅದರ ಮೂರ್ನಾಲ್ಕು ಪಟ್ಟು. ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯ 200 ಯೂನಿಟ್ಟಿನ ಗೆರೆ ದಾಟಿದರೆ ಇಡೀ ಬಿಲ್ಲು ಕಟ್ಟಬೇಕೆಂಬುದನ್ನು ಕಾರು ಕೊಳ್ಳುವವರು ಮರೆಯದಿರುವುದು ಒಳ್ಳೆಯದು.

ಹೀಗಾಗಿ 45 ಯೂನಿಟ್ ಅಥವಾ ಅದಕ್ಕಿಂತ ದೊಡ್ಡ ಬ್ಯಾಟರಿ, ಊರಿನ ಮನೆಯಲ್ಲಿ ಸರಿಯಾದ ಅರ್ತಿಂಗ್, ಎರಡೂ ಇದ್ದವರಿಗೆ ಬೆಂಗಳೂರು-ಶಿರಸಿ ದಾರಿ ಈಗ ಸಾಹಸವಲ್ಲ. ಸಣ್ಣ ಬ್ಯಾಟರಿಯ ಕಾರು ಸಿದ್ದಾಪುರ-ಶಿರಸಿ-ಯಲ್ಲಾಪುರದ ನಿತ್ಯದ ಓಡಾಟಕ್ಕೆ ಸಾಕು, ದೂರಕ್ಕೆ ಬೇಡ. ಜೋಗ, ಯಾಣ, ಮಾಗೋಡು ನೋಡಲು ಬರುವ ಪ್ರವಾಸಿಗರು ಹೋಂಸ್ಟೇ ಬುಕ್ ಮಾಡುವಾಗ ಊಟ-ತಿಂಡಿಯ ಜೊತೆಗೆ ಇನ್ನೆರಡು ವಿಷಯ ಕೇಳಿಕೊಳ್ಳಲಿ: ಕಾರು ನಿಲ್ಲುವ ಕಡೆ 15 ಆಂಪ್ ಪ್ಲಗ್ ಇದೆಯೇ, ಅದಕ್ಕೆ ಅರ್ತಿಂಗ್ ಕೊಟ್ಟಿದ್ದಾರೆಯೇ?